ಹಳೆಯ ಮೋಟಾರಿಗೆ ಜ್ವರ ಬಂದಾಗ

ಮನುಷ್ಯನಿಗೆ ಜ್ವರ ಬಂದರೆ ಥರ್ಮಾಮೀಟರು ಇಟ್ಟು ನೋಡುತ್ತೇವೆ. ಎಂದಿನಿಂದ, ಯಾವ ಹೊತ್ತಿಗೆ, ಚಳಿಯೊಡನೆಯೋ ಕೆಮ್ಮಿನೊಡನೆಯೋ ಎಂದು ವೈದ್ಯರು ವಿಚಾರಿಸುತ್ತಾರೆ. ಮೋಟಾರಿಗೆ ಜ್ವರ ಬಂದರೆ ಮಾತ್ರ ಯಾರೂ ಏನೂ ಕೇಳುವುದಿಲ್ಲ. ನೇರವಾಗಿ ರೇಡಿಯೇಟರನ್ನು ಕಳಚುತ್ತಾರೆ. ಈ ಮಾತನ್ನು ನಾವು ಯಾರನ್ನೋ ದೂರುವುದಕ್ಕಾಗಿ ಬರೆಯುತ್ತಿಲ್ಲ. ಕಳಚಿಸಿದವರು ನಾವೇ, ಹಣ ತೆತ್ತವರೂ ನಾವೇ.

ಮಾಟುಂಗಾದಲ್ಲಿರುವ ನಮ್ಮ ಸೋದರಮಾವನವರ ಬಳಿ 1968ನೆಯ ಇಸವಿಯ ಫಿಯಟ್ 1100 ಡಿಲೈಟ್ ಮೋಟಾರೊಂದಿದೆ. 1979ರಲ್ಲಿ ಎರಡನೆಯ ಕೈಯಿಂದ ಕೊಂಡದ್ದು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ತಯಾರಾಗತೊಡಗಿ, ಮುಂದೆ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದು, ಕಪ್ಪು ಹಳದಿ ಬಣ್ಣ ಬಳಿದುಕೊಂಡು ಮುಂಬಯಿಯ ಟ್ಯಾಕ್ಸಿಯೆಂದೇ ಲೋಕಪ್ರಸಿದ್ಧವಾದ ಗಾಡಿಯ ಹಿರಿಯಕ್ಕ ಇದು. ನಾಲ್ಕು ಸಿಲಿಂಡರು, 1089 ಘನ ಸೆಂಟಿಮೀಟರಿನ ಇಂಜಿನು, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ. ಬೇಸಗೆಯ ರಜೆ ಬಂತೆಂದರೆ ಮಾವನವರ ಸಂಸಾರವೆಲ್ಲ ಇದರಲ್ಲಿ ಧಾರವಾಡಕ್ಕೆ ಹೊರಡುತ್ತಿತ್ತು. ನಾವೂ ಚಿಕ್ಕಂದಿನಲ್ಲಿ ಹಿಂದಿನ ಸೀಟಿನಲ್ಲಿ ನಾಲ್ವರ ನಡುವೆ ತುರುಕಿಸಿಕೊಂಡು ಹೋದವರು.

2024ರ ಮೇ ತಿಂಗಳಲ್ಲಿ ಮಾವನವರ ಮೊಮ್ಮಗನ ಮುಂಜಿ ಧಾರವಾಡದಲ್ಲಿ ಗೊತ್ತಾಯಿತು. ಮಾವನವರಿಗೆ ಆಗ ಎಪ್ಪತ್ತಾರು. ರೈಲಿನ ಟಿಕೀಟು ಮಾಡಿಸುತ್ತೇವೆಂದರೆ ಕೇಳಲಿಲ್ಲ. “ಅವರಪ್ಪನ ಮುಂಜಿಗೂ ಇದೇ ಗಾಡ್ಯಾಗ ಹೋಗಿದ್ವಿ” ಎಂದರು. ಮಾವ, ಮಾಮಿ, ನಾವು ಹೀಗೆ ಮೂವರು ಬೆಳಗಿನ ನಾಲ್ಕಕ್ಕೆ ಹೊರಟೆವು. ಹೊಸ ಎಕ್ಸ್‌ಪ್ರೆಸ್ ರಸ್ತೆಯನ್ನು ಬಿಟ್ಟು, ಪನವೇಲ ದಾಟಿ ಹಳೆಯ ದಾರಿಯನ್ನೇ ಹಿಡಿದೆವು. ಖೋಪೋಲಿ ಬಿಟ್ಟು ಬೋರ್ ಘಾಟಿ ಏರತೊಡಗಿದ ಹತ್ತು ನಿಮಿಷಕ್ಕೆ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಇನ್ನೊಂದು ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಉಗಿ ಎದ್ದು ಎದುರಿನ ಗಾಜು ಮಬ್ಬಾಯಿತು.

ಅಲ್ಲಿ ನಾವು ಮಾಡಿದ ಅವಿವೇಕವನ್ನು ಮುಚ್ಚಿಡುವುದಿಲ್ಲ. ಟವಲನ್ನು ಮಡಿಸಿ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದೆವು. ಅದರ ಫಲ ಮುಂಗೈಯಿಂದ ಮೊಣಕೈವರೆಗೆ ಇಂದಿಗೂ ಕಲೆಯಾಗಿ ಉಳಿದಿದೆ. ರೇಡಿಯೇಟರಿನ ಮುಚ್ಚಳವು ಒತ್ತಡವನ್ನು ತಡೆದು ಹಿಡಿಯುವಂಥದು; ಅರ್ಧ ಕಿಲೋ ಒತ್ತಡದಲ್ಲಿ ನೀರು ನೂರಕ್ಕೆ ಕುದಿಯದೆ ಸುಮಾರು ನೂರ ಹತ್ತು ಡಿಗ್ರಿಯವರೆಗೆ ನೀರಾಗಿಯೇ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣದಲ್ಲಿ ಒತ್ತಡ ಹೋಗಿ ಅದರಲ್ಲೊಂದು ಪಾಲು ಒಮ್ಮೆಲೇ ಉಗಿಯಾಗುತ್ತದೆ, ಉಗಿಗೆ ನೀರಿಗಿಂತ ಸಾವಿರದಾರುನೂರು ಪಟ್ಟು ಜಾಗ ಬೇಕು. ಸೀಟಿಯ ಉಗಿ ಇಳಿಯುವ ಮುನ್ನ ಕುಕ್ಕರಿನ ಮುಚ್ಚಳಕ್ಕೆ ಯಾರೂ ಕೈ ಹಾಕುವುದಿಲ್ಲ. ಅಡಿಗೆಮನೆಯಲ್ಲಿರುವ ಈ ಎಚ್ಚರ ರಸ್ತೆಯಲ್ಲಿ ನಮ್ಮನ್ನು ಬಿಟ್ಟುಹೋಗಿತ್ತು. ಮೇಲಿನ ರಬ್ಬರು ಕೊಳವೆಯನ್ನು ಬರಿಗೈಯಿಂದ ಹಿಂಡಿದಾಗ ಮೆತ್ತಗಿದ್ದು, ಕೈ ಸುಡದಿದ್ದರೆ ಮಾತ್ರ ಮುಚ್ಚಳ ಮುಟ್ಟಬೇಕು. ಅದಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಹಿಡಿಯಲಿ. ಕುದಿಯುತ್ತಿರುವ ಇಂಜಿನಿಗೆ ತಣ್ಣೀರು ಸುರಿಯುವುದೂ ಸಲ್ಲದು, ಸಿಲಿಂಡರಿನ ತಲೆಗೆ ಬಿರುಕು ಬಂದೀತು.

ಕೈಗೆ ನೀರು ಸುರಿದುಕೊಂಡು, ಮಾಮಿಯವರಿಂದ ಬೈಸಿಕೊಂಡು, ಕಾದು, ನೀರು ತುಂಬಿ ಕೀಲಿ ತಿರುವಿದರೆ ಇಂಜಿನು ಗರ್ರೆಂದು ತಿರುಗುತ್ತದೆ, ಹತ್ತುವುದಿಲ್ಲ. ಬಹಳ ಹೊತ್ತಿನ ಮೇಲೆ ತಾನಾಗಿಯೇ ಹತ್ತಿತು. ಖಂಡಾಳಾ ತಲಪುವಷ್ಟರಲ್ಲಿ ಮತ್ತೆ ಅದೇ ಕಥೆ. ಕಡೆಗೆ ಗಾಡಿಯನ್ನು ಲೋಣಾವಳಾದಲ್ಲಿ ಬಿಟ್ಟು, ಪುಣೆಗೆ ಹೋಗಿ ರಾತ್ರಿಯ ಬಸ್ಸು ಹಿಡಿದೆವು. ಆ ಬಸ್ಸೂ ತಡವಾಗಿ, ನಾವು ಮನೆ ಮುಟ್ಟಿದಾಗ ಮಾತೃಭೋಜನ ಮುಗಿದು ಬಾಳೆಯೆಲೆ ಎತ್ತುತ್ತಿದ್ದರು. ಮಾವನವರು ವಟುವಿನ ತಲೆಯ ಮೇಲೆ ಕೈಯಿಟ್ಟು ಅಕ್ಷತೆ ಹಾಕಿ ಒಳಗೆ ಹೋಗಿ ಮಲಗಿದರು. ಮುಂಬಯಿಗೆ ಹಿಂದಿರುಗಿದ ಮೇಲೆ ಒಂದೇ ಮಾತು ಹೇಳಿದರು: “ಆಯುಧಪೂಜಿ ತನಕಾ ನೋಡೋಣ. ಆಗದಿದ್ರ ಗುಜರಿಯವಗ ಕೊಟ್ಟುಬಿಡು. ನನ್ನ ಮುಂದ ಕೊಡಬ್ಯಾಡ, ಅಷ್ಟ.”

ಜೂನು ಜುಲೈ ಎರಡು ತಿಂಗಳು ಮೂವರು ಮಿಸ್ತ್ರಿಗಳ ಬಾಗಿಲು ತಟ್ಟಿದೆವು. ಒಬ್ಬರು ರೇಡಿಯೇಟರನ್ನು ಬಿಚ್ಚಿ ಕೊಳವೆಗಳಿಗೆ ಸಲಾಕೆ ಹಾಕಿಸಿ ಶುದ್ಧ ಮಾಡಿಸಿದರು. ಇನ್ನೊಬ್ಬರು ನೀರಿನ ಪಂಪು ಬದಲಿಸಿದರು. ಮೂರನೆಯವರು ಥರ್ಮೋಸ್ಟಾಟನ್ನು ಕಿತ್ತು, “ಇದರ ಅವಶ್ಯಕತೆ ಈ ದೇಶದಲ್ಲಿಲ್ಲ” ಎಂದು ನಮ್ಮ ಕೈಗೇ ಕೊಟ್ಟರು. ಅವರೇ ಹೊಸ ಕಾಯಿಲು, ಹೊಸ ಪಾಯಿಂಟು, ಹೊಸ ಕಂಡೆನ್ಸರನ್ನೂ ಹಾಕಿದರು. ಒಟ್ಟು 18,000 ರೂಪಾಯಿ ಖರ್ಚಾಯಿತು. ಮುಳ್ಳು ಮೊದಲಿನಂತೆಯೇ ಏರುತ್ತಿತ್ತು. ಬಿಸಿಯಾದ ಇಂಜಿನು ಮೊದಲಿನಂತೆಯೇ ಮುಷ್ಕರ ಹೂಡುತ್ತಿತ್ತು.

ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ರಸ್ತೆಗಳಿಂದ ನಿವೃತ್ತವಾದುವೆಂಬುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಅವುಗಳೊಡನೆ ಅವುಗಳ ವೈದ್ಯರೂ ಅಂಗಡಿ ಮುಚ್ಚಿದರು. ಅಂಥ ಒಬ್ಬ ವೃದ್ಧ ಮಿಸ್ತ್ರಿಯ ಮನೆಯನ್ನು ಒಬ್ಬ ಹಳೆಯ ಟ್ಯಾಕ್ಸಿ ಚಾಲಕರು ತೋರಿಸಿಕೊಟ್ಟರು. ಅವರು ಬಾನೆಟ್ಟು ತೆಗೆಯಲೇ ಇಲ್ಲ. ಗಾಡಿ ಬಿಸಿಯಾಗುವುದು ನಿಂತಾಗಲೋ, ಓಡುವಾಗಲೋ, ಏರುವಾಗಲೋ? ಹತ್ತದೆ ಹೋದಾಗ ಪೆಟ್ರೋಲಿನ ವಾಸನೆ ಬರುತ್ತದೆಯೋ ಇಲ್ಲವೋ? ನಿಲ್ಲಿಸಿದೊಡನೆ ತಿರುವಿದರೆ ಹತ್ತುತ್ತದೆಯೋ, ಹದಿನೈದು ನಿಮಿಷ ಕಳೆದರೋ? ಒಂದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. “ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡು ಹದಿನೈದು ದಿನ ಬಿಟ್ಟು ಬನ್ನಿ” ಎಂದು ಚಹ ಕುಡಿಸಿ ಕಳಿಸಿದರು. ಹಗಲೆಲ್ಲ ಕಡತದಲ್ಲಿ ತಾರೀಖು ಹಾಕಿ ಟಿಪ್ಪಣಿ ಬರೆಯುವ ಸರಕಾರಿ ಗುಮಾಸ್ತರಾದ ನಮಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಿರಲಿಲ್ಲ.

ಅವರು ಹೇಳಿದ ಇನ್ನೊಂದು ಮಾತು ಮುಖ್ಯವಾದುದು. ನಿಮ್ಮ ಗಾಡಿಗೆ ಎರಡು ರೋಗಗಳಿವೆ, ನೀವು ಒಂದೆಂದು ತಿಳಿದಿದ್ದೀರಿ ಎಂದರು. ಇಂಜಿನು ಅತಿಯಾಗಿ ಬಿಸಿಯಾಗುವುದು ಬೇರೆ, ಬಿಸಿಯಾದ ಇಂಜಿನು ಹತ್ತದಿರುವುದು ಬೇರೆ. ಮುಳ್ಳು ಮಧ್ಯದಲ್ಲಿರುವ ಆರೋಗ್ಯವಂತ ಗಾಡಿಯೂ ನಿಲ್ಲಿಸಿದ ಕಾಲು ಗಂಟೆಯ ಮೇಲೆ ಹತ್ತದೆ ಕಾಡಬಹುದು. ಕುದಿಯುವ ಗಾಡಿ ಒಂದೇ ತಿರುವಿಗೆ ಹತ್ತಬಹುದು. ಮೊದಲನೆಯದಕ್ಕೆ ನೀರನ್ನು ವಿಚಾರಿಸಬೇಕು, ಎರಡನೆಯದಕ್ಕೆ ಪೆಟ್ರೋಲನ್ನೂ ಕಿಡಿಯನ್ನೂ.

ನೋಟುಬುಕ್ಕು ಶುರುವಾಯಿತು. ಮನೆಯ ಮುಂದೆ ಇಪ್ಪತ್ತು ನಿಮಿಷ ಸುಮ್ಮನೆ ಓಡಿಸಿದರೆ ಮುಳ್ಳು ಮಧ್ಯದಲ್ಲೇ ನಿಲ್ಲುತ್ತಿತ್ತು. ದಾದರಿನ ಸಂಜೆಯ ನೂಕುನುಗ್ಗಲಿನಲ್ಲಿ ತುಸು ಏರಿದರೂ ಅಷ್ಟಕ್ಕೇ ನಿಲ್ಲುತ್ತಿತ್ತು. ಈಸ್ಟರ್ನ್ ಫ್ರೀವೇ ಮೇಲೆ ಬೆಳಗಿನ ತಂಪಿನಲ್ಲಿ ಅರುವತ್ತರ ಮೇಲಿನ ವೇಗದಲ್ಲಿ ಹತ್ತು ನಿಮಿಷ ಹೋದರೆ ಕೆಂಪಿನತ್ತ ಹೊರಡುತ್ತಿತ್ತು. ಕೆಂಪ್ಸ್ ಕಾರ್ನರಿನಿಂದ ಮಲಬಾರ್ ಹಿಲ್ಲಿನ ಏರು ಹತ್ತಿದರೂ ಹಾಗೆಯೇ. ಈ ನಾಲ್ಕು ಸಾಲು ಬರೆದ ಮೇಲೆ ಅರ್ಧ ರೋಗ ತಿಳಿದಂತಾಯಿತು. ನಿಂತಲ್ಲಿ ಕುದಿದು, ಓಡಿದಾಗ ತಣಿಯುವ ಗಾಡಿಗೆ ಗಾಳಿಯ ಕೊರತೆ: ಫ್ಯಾನು, ಅದರ ಬೆಲ್ಟು, ರೇಡಿಯೇಟರಿನ ರೆಕ್ಕೆಗಳ ನಡುವೆ ಕೂತ ಧೂಳು ಹುಳುಗಳನ್ನು ನೋಡಬೇಕು. ನಿಂತಾಗ ಸುಮ್ಮನಿದ್ದು, ದುಡಿಸಿದಾಗ ಕುದಿಯುವ ಗಾಡಿಯಲ್ಲಿ ಗಾಳಿಯ ದೋಷವಿಲ್ಲ. ಒಂದೋ ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ಇಂಜಿನು ಹುಟ್ಟಿಸಬಾರದಷ್ಟು ಶಾಖವನ್ನು ಹುಟ್ಟಿಸುತ್ತಿದೆ. ಪೆಟ್ರೋಲು ಉರಿದ ಶಾಖದಲ್ಲಿ ಸುಮಾರು ಕಾಲು ಭಾಗ ಮಾತ್ರ ಗಾಡಿಯನ್ನು ತಳ್ಳುವ ಕೆಲಸಕ್ಕೆ ಬರುತ್ತದೆ. ಮೂರನೆಯ ಒಂದರಷ್ಟು ಹೊಗೆಯ ಕೊಳವೆಯಿಂದ ಹೋಗುತ್ತದೆ, ಅಷ್ಟನ್ನೇ ನೀರು ಹೊತ್ತು ಸಾಗಿಸಬೇಕು.

ಮುಳ್ಳು ಹೇಳುವುದು ನಿಜವೇ ಎಂಬ ಪ್ರಶ್ನೆಯೂ ಉಂಟು. ಐವತ್ತು ವರ್ಷ ದಾಟಿದ ಮುಳ್ಳು ಸುಳ್ಳು ಹೇಳಿದರೆ ಆಶ್ಚರ್ಯವಿಲ್ಲ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲಿನಂಥ ಯಂತ್ರ ಮನೆಯಲ್ಲಿತ್ತು. ಅದನ್ನೇ ಇಂಜಿನಿಗೆ ಹಿಡಿದೆವು. ಅದು ಮನುಷ್ಯರ ಜ್ವರವನ್ನಷ್ಟೇ ಬಲ್ಲದು, ಕಿರುಚಿ ಸುಮ್ಮನಾಯಿತು. ಆಮೇಲೆ ಕಾರ್ಖಾನೆಗಳಲ್ಲಿ ಬಳಸುವ, ಮುನ್ನೂರು ಡಿಗ್ರಿಯವರೆಗೆ ಓದುವ ಅದೇ ಜಾತಿಯ ಯಂತ್ರವೊಂದನ್ನು ಲೋಹಾರ್ ಚಾಳಿನಲ್ಲಿ ಕೊಂಡೆವು. ಹಳೆಯ ಗಾಡಿ ಇಟ್ಟುಕೊಂಡವರು ಹೊಸ ರೇಡಿಯೇಟರಿಗೆ ಮುನ್ನ ಕೊಳ್ಳತಕ್ಕ ವಸ್ತು ಇದು. ಫ್ರೀವೇಯಿಂದ ಇಳಿದೊಡನೆ ಹಿಡಿದು ನೋಡಿದರೆ ರೇಡಿಯೇಟರಿನ ಮೇಲ್ಭಾಗ 98 ಡಿಗ್ರಿ, ಕೆಳಭಾಗ 84. ಎಂದರೆ ಹದಿನಾಲ್ಕು ಡಿಗ್ರಿಯಷ್ಟು ಶಾಖವನ್ನು ಅದು ಹೊರಗೆ ಚೆಲ್ಲುತ್ತಿದೆ. ನಡುವೆ ಎಲ್ಲಿಯೂ ತಣ್ಣನೆಯ ಪಟ್ಟಿಗಳಿಲ್ಲ. ಕಟ್ಟಿಕೊಂಡ ಕೊಳವೆಗಳಿದ್ದರೆ ಅಲ್ಲಿ ನೀರು ಹೋಗದೆ ತಣ್ಣಗಿರುತ್ತಿತ್ತು. ಪಾಪ, ರೇಡಿಯೇಟರು ನಿರಪರಾಧಿ. ಆದರೆ ಇಂಜಿನಿನ ಮೈಯನ್ನು ಮುಂದಿನಿಂದ ಹಿಂದಕ್ಕೆ ಓದುತ್ತ ಹೋದಾಗ ನಾಲ್ಕನೆಯ ಸಿಲಿಂಡರಿನ ಬಳಿ ಮುಂದಿಗಿಂತ ಇಪ್ಪತ್ತು ಡಿಗ್ರಿ ಹೆಚ್ಚಿಗೆ ಕಂಡಿತು.

ಇದನ್ನು ಕೇಳಿ ವೃದ್ಧ ಮಿಸ್ತ್ರಿ ನಕ್ಕರು. ಮಾರನೆಯ ಭಾನುವಾರ ಇಂಜಿನಿನ ಮಗ್ಗುಲಲ್ಲಿರುವ ನೀರು ಬಸಿಯುವ ತಿರುಪನ್ನು ಬಿಚ್ಚಿದರು. ಒಂದು ಹನಿ ಬೀಳಲಿಲ್ಲ. ತಂತಿ ಹಾಕಿ ಚುಚ್ಚಿದ ಮೇಲೆ ಕಾವಿಯ ಬಣ್ಣದ ಕೆಸರು ತೊಟ್ಟಿಕ್ಕಿ, ಆಮೇಲೆ ಭುಸ್ಸೆಂದು ಬಂತು. ಸಿಲಿಂಡರುಗಳ ಸುತ್ತ ನೀರು ಹರಿಯಬೇಕಾದ ಕೋಣೆಯ ಹಿಂಭಾಗದಲ್ಲಿ ತುಕ್ಕು ಮತ್ತು ಸುಣ್ಣ ಸೇರಿ ಗಾರೆಯಂತೆ ಕೂತಿತ್ತು. ಕಟ್ಟಡದ ಟ್ಯಾಂಕರಿನ ನೀರನ್ನೇ ವರ್ಷಗಟ್ಟಲೆ ತುಂಬಿದ್ದರ ಪ್ರಸಾದವಿದು. ಚೆನ್ನೈ, ಹೈದರಾಬಾದುಗಳಲ್ಲಿ ಬೋರಿನ ಗಡಸು ನೀರು ಬಳಸುವ ನಮ್ಮವರು ಸ್ನಾನದ ಗೀಸರಿನ ಕಡ್ಡಿಯ ಮೇಲೆ ಕಟ್ಟುವ ಬಿಳಿಯ ಹೆಪ್ಪಳವನ್ನು ನೋಡಿಯೇ ಇರುತ್ತಾರೆ. ಅದೇ ಹೆಪ್ಪಳ ಇಂಜಿನಿನೊಳಗೆ ಕಂಬಳಿ ಹೊದೆಸಿದಂತೆ ಕೂರುತ್ತದೆ. ಶಾಖ ಲೋಹದಿಂದ ನೀರಿಗೆ ಇಳಿಯಲೊಲ್ಲದು.

ಕೊಳವೆಗಳನ್ನು ಬಿಚ್ಚಿ ಹಿಮ್ಮುಖವಾಗಿ ನೀರು ಹಾಯಿಸಿ, ಆಮೇಲೆ ಕಿರಾಣಿ ಅಂಗಡಿಯ ನಿಂಬೆಉಪ್ಪನ್ನು ನೀರಿನಲ್ಲಿ ಕರಗಿಸಿ ತುಂಬಿ ಗಾಡಿಯನ್ನು ಓಡಿಸಿ, ಬಸಿದು, ಮತ್ತೆ ತೊಳೆದೆವು. ಹೀಗೆ ಮೂರು ಸಲ. ವಾಷಿಂಗ್ ಸೋಡಾ ಹಾಕಿರೆಂದು ಹೇಳುವವರಿದ್ದಾರೆ. ಈ ಗಾಡಿಯ ಸಿಲಿಂಡರಿನ ತಲೆ ಅಲ್ಯುಮಿನಿಯಮ್ಮಿನದು, ಸೋಡಾ ಅದನ್ನು ತಿನ್ನುತ್ತದೆ. ಕಡೆಗೆ ಶುದ್ಧೀಕರಿಸಿದ ಬ್ಯಾಟರಿ ನೀರಿಗೆ ಸಮಪಾಲು ಕೂಲಂಟು ಬೆರಸಿ ತುಂಬಿದೆವು. ಅದು ತುಕ್ಕನ್ನೂ ತಡೆಯುತ್ತದೆ, ಕುದಿಯುವ ಬಿಂದುವನ್ನೂ ಕೆಲವು ಡಿಗ್ರಿ ಮೇಲಕ್ಕೆತ್ತುತ್ತದೆ. ಕೂಲಂಟು ವಿಷ, ಆದರೆ ಸಿಹಿ. ಬಸಿದದ್ದನ್ನು ನಾಯಿ ಬೆಕ್ಕು ನೆಕ್ಕುವಲ್ಲಿ, ಮಕ್ಕಳ ಕೈಗೆ ಸಿಗುವಲ್ಲಿ ಬಿಡಬಾರದು.

ಕಿತ್ತು ಕೊಟ್ಟ ಥರ್ಮೋಸ್ಟಾಟಿನ ಪರೀಕ್ಷೆ ಮಾಮಿಯವರ ಒಲೆಯ ಮೇಲೆ ನಡೆಯಿತು. ಪಾತೇಲಿಯ ನೀರಿನಲ್ಲಿ, ತಳಕ್ಕೆ ತಾಗದಂತೆ ದಾರದಿಂದ ತೂಗುಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರು ಹಿಡಿದು ಕಾಯಿಸಿದೆವು. ಎಂಬತ್ತು ದಾಟಿದ ಮೇಲೆ ಮೆಲ್ಲಗೆ ಕಣ್ಣು ತೆರೆದು, ತೊಂಬತ್ತೈದರ ಹೊತ್ತಿಗೆ ಪೂರ್ತಿ ಬಿಚ್ಚಿಕೊಂಡಿತು. ಅದೂ ನಿರಪರಾಧಿ. ಅದನ್ನು ಮರಳಿ ಕೂಡಿಸಿದೆವು. ಥರ್ಮೋಸ್ಟಾಟು ಕಿತ್ತರೆ ಇಂಜಿನು ತಂಪಾಗಿರುತ್ತದೆಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ತಣ್ಣಗಿರುವಾಗ ಇಂಜಿನು ಬೇಗ ಸವೆಯುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಕೆಲವು ಇಂಜಿನುಗಳಲ್ಲಂತೂ ಅದಿಲ್ಲದಿದ್ದರೆ ನೀರಿನಲ್ಲಿ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಇನ್ನಷ್ಟು ಬಿಸಿಯಾಗುತ್ತದೆ. ಆ ಪಾತೇಲಿಯನ್ನು ಮಾಮಿಯವರು ಮತ್ತೆ ಅಡಿಗೆಗೆ ತೆಗೆದುಕೊಳ್ಳಲಿಲ್ಲ. ಅದೀಗ ಗಾಡಿಯ ಡಿಕ್ಕಿಯಲ್ಲಿದೆ.

ಫ್ರೀವೇ ಮೇಲೆ ಮುಳ್ಳು ಇಳಿಯಿತು, ಆದರೆ ಸಾಕಷ್ಟು ಇಳಿಯಲಿಲ್ಲ. ಮಿಸ್ತ್ರಿಯವರು ಮಿನುಗುವ ದೀಪವೊಂದನ್ನು ಪುಲ್ಲಿಯ ಗುರುತಿಗೆ ಹಿಡಿದು ಕಿಡಿಯ ಹೊತ್ತನ್ನು ನೋಡಿದರು. ನಿಧಾನವಾಗಿ ಓಡುವಾಗ ಸರಿಯಾಗಿದ್ದ ಕಿಡಿ, ವೇಗ ಹೆಚ್ಚಿಸಿದಾಗ ಮುಂದೆ ಸರಿಯಬೇಕಿತ್ತು, ಸರಿಯಲಿಲ್ಲ. ನಾಗರಪಂಚಮಿಯ ಜೋಕಾಲಿಯನ್ನು ನೆನೆಸಿಕೊಳ್ಳಿ. ಜೋಕಾಲಿ ಹಿಂದೆ ಬಂದು ಮರಳುವ ಗಳಿಗೆಗೆ ತಳ್ಳಿದರೆ ತಳ್ಳಿದ್ದೆಲ್ಲ ಸಾರ್ಥಕ. ಅದು ಮುಂದೆ ಹೋದ ಮೇಲೆ ತಳ್ಳಿದರೆ ಕೈ ಮಾತ್ರ ನೋಯುತ್ತದೆ. ಕಿಡಿ ತಡವಾಗಿ ಬಿದ್ದರೆ ಪಿಸ್ಟನ್ನು ಆಗಲೇ ಕೆಳಕ್ಕೆ ಹೊರಟಿರುತ್ತದೆ. ಉರಿಯು ಅದನ್ನು ತಳ್ಳುವ ಬದಲು ಸಿಲಿಂಡರಿನ ಗೋಡೆಯನ್ನೂ ಹೊಗೆಯ ಕೊಳವೆಯನ್ನೂ ಕಾಯಿಸುತ್ತದೆ. ಗಾಡಿಗೆ ಶಕ್ತಿ ಕಡಿಮೆಯಾಯಿತೆಂದು ನಾವು ಇನ್ನಷ್ಟು ಒತ್ತುತ್ತೇವೆ, ಶಾಖ ಇನ್ನಷ್ಟು. ಡಿಸ್ಟ್ರಿಬ್ಯೂಟರಿನೊಳಗೆ ವೇಗಕ್ಕೆ ತಕ್ಕಂತೆ ಅಗಲುವ ಎರಡು ಸಣ್ಣ ತೂಕದ ತುಂಡುಗಳಿವೆ. ಅವು ಜಂಗು ಹಿಡಿದು ಅಂಟಿಕೊಂಡಿದ್ದುವು. ಶುದ್ಧ ಮಾಡಿ ಎರಡು ಹನಿ ಎಣ್ಣೆ ಬಿಟ್ಟರು. 18,000 ರೂಪಾಯಿಗೆ ಇಳಿಯದ ಜ್ವರ ನಿಂಬೆಉಪ್ಪಿಗೂ ಎರಡು ಹನಿ ಎಣ್ಣೆಗೂ ಇಳಿಯಿತು.

ಇನ್ನು ಎರಡನೆಯ ರೋಗ. ಓಡುವ ಗಾಡಿಯನ್ನು ನಿಲ್ಲಿಸಿದೊಡನೆ ಫ್ಯಾನು ನಿಲ್ಲುತ್ತದೆ, ನೀರಿನ ಓಟ ನಿಲ್ಲುತ್ತದೆ; ಆದರೆ ನೂರಾರು ಡಿಗ್ರಿ ಕಾದ ಹೊಗೆಯ ಕೊಳವೆ ಅಲ್ಲೇ ಇರುತ್ತದೆ. ಆ ಶಾಖವೆಲ್ಲ ಬಾನೆಟ್ಟಿನಡಿ ಹರಡಿ, ಮುಂದಿನ ಹತ್ತು ಇಪ್ಪತ್ತು ನಿಮಿಷ ಕಾರ್ಬುರೇಟರು ಓಡುತ್ತಿದ್ದಾಗಿನದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಪೆಟ್ರೋಲು ನೀರಿನಂತೆ ಒಂದೇ ಬಿಂದುವಿನಲ್ಲಿ ಕುದಿಯುವ ವಸ್ತುವಲ್ಲ. ಅದು ಹಲವು ದ್ರವಗಳ ಮಿಶ್ರಣ. ಅದರ ಹಗುರವಾದ ಭಾಗ ನಾಲ್ವತ್ತು ಡಿಗ್ರಿಯ ಆಸುಪಾಸಿನಲ್ಲೇ ಕುದಿಯಲು ತೊಡಗುತ್ತದೆ. ಈಗಂತೂ ಅದರಲ್ಲಿ ಎಥನಾಲೂ ಸೇರಿದೆ. ಶೇಕಡಾ 20ರ ಎಥನಾಲು ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಉದ್ಘಾಟಿಸಲಾಯಿತು. ಎಥನಾಲು ತಾನು 78 ಡಿಗ್ರಿಗೆ ಕುದಿಯುವಂಥದಾದರೂ, ಪೆಟ್ರೋಲಿನ ಹಗುರ ಭಾಗಗಳೊಡನೆ ಸೇರಿ ಅವೆರಡೂ ಇನ್ನೂ ಬೇಗ ಆವಿಯಾಗುವಂತೆ ಮಾಡುತ್ತದೆ. ಈ ಇಂಜಿನನ್ನು ರೂಪಿಸಿದವರಿಗೆ ಇದರ ಕನಸೂ ಬಿದ್ದಿರಲಾರದು.

ಬಿಸಿಯಲ್ಲಿ ಹತ್ತದ ಗಾಡಿಯ ಮುಂದೆ ನಿಂತಾಗ ಮೊದಲು ಕಿವಿಯಿಂದ ಕೇಳಬೇಕು: ಸ್ಟಾರ್ಟರು ಚುರುಕಾಗಿ ತಿರುಗಿಸುತ್ತಿದೆಯೋ, ಎಳೆದೆಳೆದು ತಿರುಗಿಸುತ್ತಿದೆಯೋ? ಎಳೆಯುತ್ತಿದ್ದರೆ ಬ್ಯಾಟರಿ, ಅದರ ದಪ್ಪ ತಂತಿ, ಇಂಜಿನಿಗೂ ಚಾಸಿಗೂ ಇರುವ ಅರ್ಥ್ ಪಟ್ಟಿಯ ಜೋಡಣೆ ನೋಡಬೇಕು. ನಮ್ಮದು ಚುರುಕಾಗಿಯೇ ಇತ್ತು. ಆಮೇಲೆ ಮೂಗಿನ ಸರದಿ. ಗಾಳಿಯ ಜಾಲರಿ ತೆಗೆದು ಕಾರ್ಬುರೇಟರಿನ ಗಂಟಲೊಳಗೆ ಇಣುಕಿದೆವು. ಇಂಜಿನು ನಿಂತು ಹನ್ನೆರಡು ನಿಮಿಷವಾಗಿದ್ದರೂ ಪೆಟ್ರೋಲು ತೊಟ್ಟು ತೊಟ್ಟಾಗಿ ಒಳಕ್ಕೆ ಬೀಳುತ್ತಿತ್ತು. ವಾಸನೆ ತಲೆ ಸುತ್ತಿಸುವಷ್ಟಿತ್ತು. ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲು ಕುದಿದು ಉಕ್ಕಿ, ಹಾಲು ಒಲೆಯ ಮೇಲೆ ಚೆಲ್ಲಿದಂತೆ ಇಂಜಿನಿನೊಳಕ್ಕೆ ಚೆಲ್ಲುತ್ತಿತ್ತು. ಎಂದರೆ ಗಾಡಿ ಹತ್ತದಿದ್ದುದು ಪೆಟ್ರೋಲು ಸಾಲದೆ ಅಲ್ಲ, ಅತಿಯಾಗಿ. ನಾವೋ, ಬೋರ್ ಘಾಟಿಯಲ್ಲಿ ಆಕ್ಸಿಲರೇಟರನ್ನು ಹತ್ತು ಸಲ ತುಳಿದು ಮುಳುಗುತ್ತಿದ್ದವನಿಗೆ ಇನ್ನಷ್ಟು ನೀರು ಕುಡಿಸಿದ್ದೆವು.

ಇದಕ್ಕೆ ತತ್ಕಾಲದ ಉಪಾಯ ಸುಲಭ. ಆಕ್ಸಿಲರೇಟರನ್ನು ಒಂದೇ ಸಲ ಮೆಲ್ಲಗೆ ತಳದವರೆಗೆ ಒತ್ತಿ, ಬಿಡದೆ ಹಿಡಿದು ಸ್ಟಾರ್ಟರು ತಿರುಗಿಸಬೇಕು. ಗಾಳಿ ಹೆಚ್ಚು ಹೋಗಿ ಒಳಗಿನ ಪೆಟ್ರೋಲು ಆರುತ್ತದೆ. ಹತ್ತು ಸೆಕೆಂಡಿನೊಳಗೆ ಕೆಮ್ಮಿ ಕೆಮ್ಮಿ ಹತ್ತಿಕೊಳ್ಳುತ್ತದೆ. ಪುನಃ ಪುನಃ ತುಳಿಯಬಾರದು.

ಗಂಟಲು ಒಣಗಿದ್ದರೆ ಕಥೆ ತಿರುವುಮುರುವು. ಆಗ ಪೆಟ್ರೋಲು ಪಂಪಿನಲ್ಲೋ ಕೊಳವೆಯಲ್ಲೋ ಆವಿಯಾಗಿ, ಪಂಪು ಬರಿಯ ಆವಿಯನ್ನು ಹಿಂಡುತ್ತಿದೆಯೆಂದು ತಿಳಿಯಬೇಕು. ಹಳೆಯ ಟ್ಯಾಕ್ಸಿ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕಾಗಿ. ಅದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು: ಒದ್ದೆ ಬಟ್ಟೆಗೆ ಗಾಡಿ ಹತ್ತಿದರೆ ದೋಷ ಅಲ್ಲಿಯೇ ಇದೆ.

ಶಾಶ್ವತವಾದ ಚಿಕಿತ್ಸೆ ಹುಡುಕುವಾಗ ಒಂದು ತಮಾಷೆ ನಡೆಯಿತು. ಕಾರ್ಬುರೇಟರಿನ ಕೆಳಗೆ ಶಾಖ ಏರದಂತೆ ತಡೆಯುವ ದಪ್ಪ ಫೈಬರಿನ ತುಂಡೊಂದು ಇರತಕ್ಕದ್ದು. ಅಲ್ಲಿ ಬರಿಯ ಕಾಗದದ ಗ್ಯಾಸ್ಕೆಟ್ಟಿತ್ತು. ಯಾವ ಮಹಾನುಭಾವ ಇದನ್ನು ತೆಗೆದನೋ ಎಂದು ನಾವು ಜೋರಾಗಿ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಮಾವನವರು, “ನಾನಽ ತೆಗಿಸಿದ್ದೆ. ಬಿರುಕು ಬಿಟ್ಟಿತ್ತು. ತೊಂಬತ್ತನಾಲ್ಕನೇ ಇಸವಿ ಇರಬೇಕು” ಎಂದರು. ಅಂದು ಇಂಜಿನು ತಂಪಾಗಿತ್ತು, ಪೆಟ್ರೋಲಿನ ಸ್ವಭಾವವೂ ಬೇರೆಯಿತ್ತು. ಮೂವತ್ತು ವರ್ಷ ನಡೆದುಹೋಯಿತು. ಹೊಸ ತುಂಡು ಹಾಕಿಸಿ, ಹೊಗೆಯ ಕೊಳವೆಗೆ ತಾಗುವಂತಿದ್ದ ಪೆಟ್ರೋಲಿನ ಕೊಳವೆಯನ್ನು ದೂರ ಸರಿಸಿದೆವು. ಹಳೆಯ ರಬ್ಬರನ್ನು ಎಥನಾಲು ಮೆತ್ತಗೆ ಮಾಡಿ ಸೀಳುತ್ತದಾದ್ದರಿಂದ ಅದನ್ನು ತಾಳುವ ಹೊಸ ಕೊಳವೆಯನ್ನೂ, ಪಂಪಿಗೆ ಹೊಸ ಡಯಾಫ್ರಮ್ಮನ್ನೂ ಹಾಕಿಸಿದೆವು. ಈ ಒಂದು ಖರ್ಚಿನಲ್ಲಿ ಜಿಪುಣತನ ಬೇಡವೆಂದು ಹಳೆಯ ಗಾಡಿಯ ಒಡೆಯರಿಗೆಲ್ಲ ಕೈಮುಗಿದು ಹೇಳುತ್ತೇವೆ. ಕಾದ ಲೋಹದ ಮೇಲೆ ಪೆಟ್ರೋಲು ಸೋರಿದರೆ ಮತ್ತೆ ರಿಪೇರಿಗೆ ಏನೂ ಉಳಿಯುವುದಿಲ್ಲ. ಸೀಟಿನಡಿ ಬೆಂಕಿ ಆರಿಸುವ ಸಣ್ಣ ಸಿಲಿಂಡರೂ ಇರಲಿ.

ಎಲ್ಲ ಮುಗಿಯಿತೆಂದುಕೊಂಡಾಗ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಸಾಯನ್ ಸರ್ಕಲ್ಲಿನಲ್ಲಿ ಗಾಡಿ ನಿಂತಿತು. ಮುಳ್ಳು ಮಧ್ಯದಲ್ಲಿತ್ತು, ವಾಸನೆ ಸಹಜವಾಗಿತ್ತು. ಮಾವನವರ ಮುಖ ಇಳಿಯಿತು. ಆಯುಧಪೂಜೆಗೆ ಇನ್ನು ಮೂರು ವಾರ. ಆದರೆ ಈ ಸಲ ನಮಗೆ ಕೇಳಬೇಕಾದ ಪ್ರಶ್ನೆ ಗೊತ್ತಿತ್ತು. ಬಿಡಿ ಪ್ಲಗ್ಗೊಂದನ್ನು ತಂತಿಗೆ ಸಿಕ್ಕಿಸಿ, ಪೆಟ್ರೋಲಿನ ಆವಿಯಿಂದ ದೂರವಾಗಿ ಇಂಜಿನಿನ ಲೋಹಕ್ಕೆ ತಾಗಿಸಿಟ್ಟು, ಮಾವನವರಿಂದ ಸ್ಟಾರ್ಟರು ತಿರುಗಿಸಿಸಿದೆವು. ನೀಲಿಯಾಗಿ ಚಟಪಟಿಸಬೇಕಾದ ಕಿಡಿ ಹಳದಿಯಾಗಿ, ಬಡವಾಗಿ ಬಿತ್ತು. ಅರ್ಧ ಗಂಟೆ ತಣಿದ ಮೇಲೆ ನೋಡಿದರೆ ನೀಲಿ. ತಣ್ಣಗಿದ್ದಾಗ ಆರೋಗ್ಯವಾಗಿದ್ದು ಬಿಸಿಯಾದಾಗ ಕೈಕೊಡುವ ವಸ್ತುಗಳು ಎರಡು, ಕಾಯಿಲು ಮತ್ತು ಕಂಡೆನ್ಸರು. ಎರಡೂ ಜುಲೈಯಲ್ಲಿ ಹೊಸದಾಗಿ ಬಂದವು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಮಿಸ್ತ್ರಿಯವರ ಕಟ್ಟಪ್ಪಣೆಯಾದ್ದರಿಂದ, ಮೊದಲು ಕಂಡೆನ್ಸರನ್ನು ತೆಗೆದು, ಹಳೆಯ ಬಿಸ್ಕೀಟು ಡಬ್ಬಿಯಲ್ಲಿ ಬಿದ್ದಿದ್ದ ಹಿಂದಿನದನ್ನೇ ಹಾಕಿದೆವು. ಅಂದಿನಿಂದ ಕಿಡಿ ಹಳದಿಯಾಗಿಲ್ಲ. ಹೊಸದೆಂದ ಮಾತ್ರಕ್ಕೆ ಅದರ ಮೇಲೆ ಸಂಶಯಪಡಬಾರದೆಂದು ನಾವು ಇಷ್ಟು ದಿನ ತಿಳಿದಿದ್ದೆವು. ಕಿತ್ತ ಭಾಗವನ್ನು ಎಸೆಯದಿರುವ ಮಾವನವರ ಜಿಪುಣತನವೇ ಕಾಪಾಡಿತು.

ಆಯುಧಪೂಜೆಗೆ ಫಿಯಟ್ಟಿಗೆ ಚೆಂಡುಹೂವಿನ ಮಾಲೆ ಬಿತ್ತು, ಕುಂಬಳಕಾಯಿ ಒಡೆಯಿತು. ಗುಜರಿಯ ಮಾತನ್ನು ಯಾರೂ ಎತ್ತಲಿಲ್ಲ.

2025ರ ಜನವರಿಯಲ್ಲಿ ಸಂಕ್ರಾಂತಿಗೆಂದು ಮತ್ತೆ ಧಾರವಾಡಕ್ಕೆ ಹೊರಟೆವು. ಬೋರ್ ಘಾಟಿಯನ್ನು ಎರಡನೆಯ ಗೇರಿನಲ್ಲಿ, ಇಂಜಿನನ್ನು ಏದುಸಿರು ಬಿಡಿಸದೆ ಹತ್ತಿಸಿದೆವು. ಮುಳ್ಳು ಅರ್ಧದ ಮೇಲೆ ಒಂದು ಕೂದಲೆಳೆಯಷ್ಟು ಹೋಗಿ ನಿಂತಿತು. ಖಂಡಾಳಾದಲ್ಲಿ ಬೇಕೆಂದೇ ಗಾಡಿ ನಿಲ್ಲಿಸಿ ಹದಿನೈದು ನಿಮಿಷ ಚಹ ಕುಡಿದೆವು. ನಿಲ್ಲಿಸುವ ಮುನ್ನ ಒಂದು ನಿಮಿಷ ಸುಮ್ಮನೆ ಓಡಿಸಿ, ಬಾನೆಟ್ಟನ್ನು ತೆರೆದಿಟ್ಟಿದ್ದೆವು. ಚಹ ಮುಗಿಯುವವರೆಗೂ ಮಾಮಿಯವರು ಒಂದು ಮಾತಾಡಲಿಲ್ಲ. ಆಮೇಲೆ ಮಾವನವರು ತಾವೇ ಕೂತು, ಪೆಡಲನ್ನು ತಳಕ್ಕೆ ಒತ್ತಿ ಹಿಡಿದು ಕೀಲಿ ತಿರುವಿದರು. ಎರಡನೆಯ ಸುತ್ತಿಗೆ ಹತ್ತಿತು. “ಕೂಡ್ರಿ, ಕೂಡ್ರಿ, ಹೊತ್ತಾತು” ಎಂದು ನಮ್ಮನ್ನೇ ಅವಸರಪಡಿಸಿದರು.

ಪುಣೆ ದಾಟಿದ ಮೇಲೆ ಖಂಬಾಟಕಿ ಘಾಟಿ. ನಾವು ಹೋದಾಗ ಸಾತಾರದತ್ತ ಹೋಗುವ ಗಾಡಿಗಳೆಲ್ಲ ಘಾಟಿಯನ್ನೇ ಹತ್ತಬೇಕಿತ್ತು, ಲಾರಿಗಳ ಹಿಂದೆ ಆಮೆಯ ನಡಿಗೆ. ಅಲ್ಲಿ ಮಾತ್ರ ಮುಳ್ಳು ಮುಕ್ಕಾಲಿಗೆ ಬಂತು. ಇಳಿಜಾರಿನಲ್ಲಿ ತಾನಾಗಿ ಇಳಿಯಿತು. ಸಂಜೆ ಧಾರವಾಡದಲ್ಲಿ ಮುಂಜಿಯಾದ ಹುಡುಗ ಮುಂದಿನ ಸೀಟಿನಲ್ಲಿ ಕೂತು ಗೇರಿನ ಹಿಡಿ ಅಲ್ಲಾಡಿಸುತ್ತಿರುವಾಗ ನಾವು ನೋಟುಬುಕ್ಕು ತೆಗೆದು ಆ ದಿನದ ಸಾಲನ್ನು ಬರೆದೆವು: ಖಂಬಾಟಕಿ, ಎರಡನೆಯ ಗೇರು, ನಿಧಾನ ಗತಿ, ಎದುರು ಗಾಳಿಯಿಲ್ಲ, ಮುಳ್ಳು ಮುಕ್ಕಾಲು. ಫ್ಯಾನಿನ ಬೆಲ್ಟು ಜಾರುತ್ತಿದೆಯೋ ನೋಡಬೇಕು.